ಬರಿಗೈಲೆ ಹೋಗಬ್ಯಾಡ: ಎಡೆದೊರೆ ನಾಡಿನ ಔತಣ, ಕಾಣಿಕೆ ಮತ್ತು ಒಂದು ಬಾಟಲಿ

ಊಟಕ್ಕೆ ಕರೆದವರ ಮನೆಗೆ ಏನು ಒಯ್ಯಬೇಕು?

ಪ್ರಶ್ನೆ ತೀರಾ ಸಣ್ಣದು. ಬೆಂಗಳೂರಿನ ನಮ್ಮ ಸಾಫ್ಟ್‌ವೇರ್ ಮಂದಿಯನ್ನು ಕೇಳಿದರೆ ಉತ್ತರ ರೆಡಿಮೇಡ್ ಇರುತ್ತದೆ: "ಒಂದು ವೈನ್ ಬಾಟಲಿ ತಗೊಂಡು ಹೋಗು ಮಾರಾಯ, ಮುಗೀತು". ಮ್ಯಾನೇಜರ್ ಹೊಸ ಫ್ಲಾಟಿಗೆ ಕರೆದರೂ ಅದೇ, ಆನ್‌ಸೈಟಿಗೆ ಹೋದಾಗ ಅಲ್ಲಿಯವರು ಕರೆದರೂ ಅದೇ. ಕುಡಿಯದವನು ಕುಡಿಯುವವರ ಮನೆಗೆ ಹೋಗುವಾಗಲೂ ಅದನ್ನೇ ಕೊಳ್ಳುವುದನ್ನು ನಾನು ನೋಡಿದ್ದೇನೆ. ಬೇರೆ ಏನು ಕೊಟ್ಟರೆ ಹಳ್ಳಿಯವನು ಅಂದುಕೊಳ್ಳುತ್ತಾರೋ ಎಂಬ ಅಳುಕು.

ನಾನು ಹಳ್ಳಿಯವನೇ. ರಾಯಚೂರು ಜಿಲ್ಲೆ, ಮಾನ್ವಿ ತಾಲೂಕು, ಹಿರೇಕೊಟ್ನೆಕಲ್. ನಮ್ಮ ಕಡೆ ಈ ಪ್ರಶ್ನೆಗೆ ಹಿರಿಯರು ಕೊಡುವ ಉತ್ತರ ಅಂಗಡಿಯಿಂದ ಶುರುವಾಗುವುದಿಲ್ಲ, ಕೈಯಿಂದ ಶುರುವಾಗುತ್ತದೆ. "ಗುಡಿಗೆ, ಹಿರೇರು ಇದ್ದ ಮನಿಗೆ, ಸಣ್ಣ ಹುಡುಗ್ರು ಇದ್ದ ಮನಿಗೆ ಬರಿಗೈಲೆ ಹೋಗಬ್ಯಾಡ" ಅಂತ. ಏನು ಒಯ್ಯಬೇಕು ಎಂದು ಅವರು ಹೇಳುವುದಿಲ್ಲ. ಆದರೆ ಏನು ಒಯ್ಯಬಾರದು ಎಂಬುದು ಹೇಳದೆಯೇ ಎಲ್ಲರಿಗೂ ಗೊತ್ತು. ಅದು ಬಾಟಲಿ.

ಯಾಕೆ? ಬರೀ ಮಡಿವಂತಿಕೆಯಾ? ಸಂಪ್ರದಾಯ ಅಂತ ಒಂದು ಪದ ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ಕೃಷ್ಣಾ–ತುಂಗಭದ್ರೆಯ ನಡುವಿನ ನಮ್ಮ ಈ ಎಡೆದೊರೆ ನಾಡಿನಲ್ಲಿ ಔತಣ, ಕಾಣಿಕೆ, ಮದ್ಯ ಮೂರಕ್ಕೂ ದೊಡ್ಡ ಕಥೆಗಳೇ ಇವೆ. ಕೆಲವು ಕಥೆಗಳಲ್ಲಿ ಕೋಟೆಗಳೇ ಉರುಳಿವೆ.

ಮೊದಲು ಪದಗಳನ್ನೇ ನೋಡಿ. "ಕಾಣಿಕೆ" ಎಂದರೆ ಕಾಣಲು ಹೋದಾಗ ಕೊಡುವುದು. ಪದದೊಳಗೇ "ಕಾಣು" ಇದೆ. ವಸ್ತು ಎರಡನೆಯದು, ನಿಮ್ಮನ್ನು ನೋಡಬೇಕು ಅನಿಸಿತು ಎಂಬುದು ಮೊದಲನೆಯದು. "ನಜರಾಣೆ" ನಮಗೆ ದಖ್ಖನಿನ ದರಬಾರುಗಳಿಂದ ಬಂತು. ನಮ್ಮಲ್ಲಿ ಅನೇಕರು ಇದನ್ನು "ನಜರು", ಅಂದರೆ ನೋಟ, ಎಂಬ ಪದದ ಜೊತೆ ಸೇರಿಸುತ್ತಾರೆ. ಆದರೆ ಅರಬ್ಬಿಯಲ್ಲಿ ಅವೆರಡೂ ಬೇರೆ ಬೇರೆ ಪದಗಳು. ನಜರಾಣೆಯ ಮೂಲದಲ್ಲಿರುವುದು ಹರಕೆ. "ಮುಯ್ಯಿ" ಇನ್ನೊಂದು ಥರ. ಮದುವೆ ಚಪ್ಪರದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಕೊಟ್ಟರು ಅಂತ ಬರೆದುಕೊಳ್ಳುತ್ತಾರಲ್ಲ, ಅದು. ಅವರ ಮನೆ ಮದುವೆಗೆ ನೀವು ಹೋದಾಗ ಆ ನೋಟ್‌ಬುಕ್ ತೆಗೆದು ನೋಡಿ ಅಷ್ಟಕ್ಕೆ ಕಡಿಮೆ ಇಲ್ಲದಂತೆ ಮುಟ್ಟಿಸಬೇಕು. ಬಡ್ಡಿಯಿಲ್ಲದ ಸಾಲ! "ಉಡಿ ತುಂಬುವುದು" ತಿರುಗು ದಿಕ್ಕಿನದು. ಮನೆಗೆ ಬಂದ ಹೆಣ್ಣುಮಗಳಿಗೆ ಮನೆಯವರು ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಕುಬಸದ ಕಣ ಕೊಟ್ಟು ಕಳಿಸುವುದು. ಇನ್ನು "ಬುತ್ತಿ", ಅದಕ್ಕೆ ಆಮೇಲೆ ಬರುತ್ತೇನೆ.

ಊಟಕ್ಕೆ ಹೋಗುವಾಗ ಒಯ್ದ ಕಾಣಿಕೆಗಳಲ್ಲಿ ನಮಗೆಲ್ಲ ಗೊತ್ತಿರುವ ಹಳೆಯದು ಸುದಾಮನ ಅವಲಕ್ಕಿ. ಭಾಗವತದ ದಶಮ ಸ್ಕಂಧದ ಕಥೆ. ಅವನ ಮನೆಯಲ್ಲಿ ಏನೂ ಇಲ್ಲ, ಹೆಂಡತಿ ನೆರೆಮನೆಗಳಲ್ಲಿ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿಯನ್ನು ಹಳೇ ಬಟ್ಟೆಯಲ್ಲಿ ಕಟ್ಟಿಕೊಡುತ್ತಾಳೆ. ದ್ವಾರಕೆಯ ಅರಮನೆ ನೋಡಿದ ಮೇಲೆ ಅವನಿಗೆ ಗಂಟು ಬಿಚ್ಚಲು ನಾಚಿಕೆ. ಕೃಷ್ಣನೇ ಅದನ್ನು ಹುಡುಕಿ ತಿನ್ನುತ್ತಾನೆ. ಈ ಕಥೆಯನ್ನು ನಾವು ಭಕ್ತಿಯ ಕಥೆ ಅಂತ ಕೇಳುತ್ತೇವೆ. ಆದರೆ ಇದರಲ್ಲಿ ಅತಿಥೇಯನಿಗೂ ಒಂದು ಪಾಠ ಇದೆ. ತಂದದ್ದನ್ನು ಒಳಗೆ ಒಯ್ದು ಇಡದೆ, ತಂದವನ ಎದುರೇ ಬಿಚ್ಚಿ ತಿಂದಾಗ ಅವನ ನಾಚಿಕೆ ಹೋಗುತ್ತದೆ.

ಇನ್ನು ಪುರಾಣ ಬಿಟ್ಟು ಇಸವಿ ಇರುವ ಕಥೆಗೆ ಬರೋಣ.

1443ರಲ್ಲಿ ಹೆರಾತಿನಿಂದ ಒಬ್ಬ ರಾಯಭಾರಿ ವಿಜಯನಗರಕ್ಕೆ ಬಂದ. ಹೆಸರು ಅಬ್ದುರ್ ರಜಾಕ್, ತೈಮೂರನ ಮಗ ಶಾರುಖ್ ಕಳಿಸಿದವನು. ಆಗ ಆಳುತ್ತಿದ್ದವನು ಎರಡನೇ ದೇವರಾಯ. ರಜಾಕ್ ತನ್ನ ಪ್ರವಾಸದ ಬಗ್ಗೆ ಪರ್ಷಿಯನ್ನಿನಲ್ಲಿ ಬರೆದಿಟ್ಟಿದ್ದಾನೆ. ಅವನು ರಾಜನಿಗೆ ಕಾಣಿಕೆಯಾಗಿ ಒಯ್ದದ್ದು ಐದು ಒಳ್ಳೆಯ ಕುದುರೆ, ಎರಡು ತಟ್ಟೆ ತುಂಬ ಒಂಬತ್ತೊಂಬತ್ತು ರೇಷ್ಮೆ ವಸ್ತ್ರ. ಕುದುರೆ ಯಾಕೆ ಅಂದರೆ ವಿಜಯನಗರಕ್ಕೆ ಬೇಕಾಗಿದ್ದೇ ಅದು. ಒಳ್ಳೇ ಯುದ್ಧದ ಕುದುರೆಗಳು ಅರಬ್ಬಿ ಸಮುದ್ರ ದಾಟಿ ಬರಬೇಕಿತ್ತು. ತನ್ನ ಹತ್ತಿರ ಏನಿದೆ ಎಂಬುದಕ್ಕಿಂತ ಎದುರಿನವರಿಗೆ ಏನು ಬೇಕು ಎಂದು ಯೋಚಿಸಿ ತಂದ ಕಾಣಿಕೆ.

ರಾಜನ ಕಡೆಯಿಂದ ಅವನಿಗೆ ಸಿಕ್ಕಿದ್ದೇನು? ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಜೊತೆಗೆ ಎರಡು ವರಹ. ವಾರಕ್ಕೆ ಎರಡು ಸಲ ಸಂಜೆ ಹೊತ್ತು ದರಬಾರಿಗೆ ಕರೆ. ಹೋದಾಗಲೆಲ್ಲ ವೀಳ್ಯದೆಲೆ, ಹಣದ ಒಂದು ಚೀಲ, ಒಂದಿಷ್ಟು ಕರ್ಪೂರ. ವೀಳ್ಯದ ಬಗ್ಗೆ ಅವನು ಬಹಳ ಹೊಗಳಿ ಬರೆದಿದ್ದಾನೆ. ಮುಖಕ್ಕೆ ಕಳೆ ಬರುತ್ತದೆ, ಮದ್ಯದಂಥ ಅಮಲನ್ನೇ ಕೊಡುತ್ತದೆ ಎಂದು. ದೊಡ್ಡ ಸಾಮ್ರಾಜ್ಯದ ದೊರೆ ಪರದೇಶದ ರಾಯಭಾರಿಯನ್ನು ಸತ್ಕರಿಸುವಾಗ ಪ್ರತಿ ಸಲ ಕೈಗೆ ಕೊಟ್ಟದ್ದು ಎಲೆ ಮತ್ತು ಕರ್ಪೂರ. ಅದರಿಂದ ಯಾರ ಘನತೆಯೂ ಕಡಿಮೆ ಆಗಲಿಲ್ಲ.

ಆದರೆ ಇಲ್ಲಿ ಒಂದು ವಿಷಯ ಇದೆ. ಆ ಹಣದ ಚೀಲ ಯಾಕೆ ಎಂದು ರಾಜನೇ ಹೇಳಿದ್ದಾಗಿ ರಜಾಕ್ ಬರೆಯುತ್ತಾನೆ. ನಿಮ್ಮ ದೊರೆಗಳು ರಾಯಭಾರಿಯನ್ನು ತಮ್ಮ ಪಂಕ್ತಿಯಲ್ಲೇ ಕೂರಿಸಿಕೊಂಡು ಉಣಿಸುತ್ತಾರೆ. ನಾವೂ ನೀವೂ ಒಟ್ಟಿಗೆ ಉಣ್ಣುವಂತಿಲ್ಲವಲ್ಲ, ಅದಕ್ಕೆ ಈ ಚೀಲವೇ ನಾವು ಮಾಡುವ ಔತಣ ಎಂಬ ಅರ್ಥದ ಮಾತು. ನಾನು ಇದನ್ನು ಮೊದಲು ಓದಿದಾಗ ಎಷ್ಟು ಚೆಂದದ ಸೌಜನ್ಯ ಅನಿಸಿತ್ತು. ಮತ್ತೊಮ್ಮೆ ಓದಿದಾಗ ನಮ್ಮೂರು ನೆನಪಾಯಿತು.

ನಮ್ಮ ಹಳ್ಳಿಗಳಲ್ಲಿ ಯಾರ ಮನೆಯ ಬೇಯಿಸಿದ್ದನ್ನು ಯಾರು ಉಣ್ಣಬಹುದು ಎಂಬ ಲೆಕ್ಕ ಬಹಳ ಕಾಲ ನಡೆದು ಬಂದಿದೆ. ಬೇಯಿಸಿದ್ದು ಸಲ್ಲದ ಕಡೆ ಹಸಿಯದ್ದು ಸಲ್ಲುತ್ತಿತ್ತು. ಅಕ್ಕಿ, ಬೇಳೆ, ತುಪ್ಪ, ತರಕಾರಿ ಕೊಟ್ಟು "ನೀವೇ ಮಾಡಿಕೊಂಡು ಉಣ್ರಿ" ಅನ್ನುವ ಸ್ವಯಂಪಾಕದ ಪದ್ಧತಿ ಅದೇ. ಬಾಳೆಹಣ್ಣು, ತೆಂಗಿನಕಾಯಿ, ಎಲೆ ಅಡಿಕೆ, ಸಕ್ಕರೆ, ಕರ್ಪೂರ ಎಲ್ಲರ ಮನೆಗೂ ಸಲ್ಲುವುದಕ್ಕೆ ಅವು ಒಳ್ಳೆಯವು ಎಂಬುದಷ್ಟೇ ಕಾರಣ ಅಲ್ಲ. ಅವಕ್ಕೆ ನೀರು, ಒಲೆ ತಾಗಿಲ್ಲ. ಅಂದರೆ ನಾವು ಇವತ್ತು ಎರಡು ಡಜನ್ ಬಾಳೆಹಣ್ಣು ಹಿಡಿದು ಹೋಗುವ ಮುಗ್ಧ ಅಭ್ಯಾಸದ ಹಿಂದೆಯೂ ಒಟ್ಟಿಗೆ ಕೂತು ಉಣ್ಣಲಾಗದ ಒಂದು ಕಾಲ ನಿಂತಿದೆ. ಕಾಣಿಕೆ ಜನರನ್ನು ಹತ್ತಿರ ತರುತ್ತದೆ, ಸರಿ. ಕೆಲವು ಸಲ ಹತ್ತಿರ ಬರದೇ ಇರುವುದಕ್ಕೆ ಅದೇ ಒಂದು ಉಪಾಯವೂ ಆಗುತ್ತದೆ. ಈ ಮಾತನ್ನು ಮನಸ್ಸಲ್ಲಿ ಇಟ್ಟುಕೊಂಡೇ ಮುಂದೆ ಹೋಗೋಣ.

ಈಗ ಮದ್ಯದ ಕಥೆ. ಎರಡು ಪ್ರಸಂಗ ಹೇಳುತ್ತೇನೆ, ಎರಡೂ ನಮ್ಮ ಜಿಲ್ಲೆಯವೇ. ಎರಡನ್ನೂ ಬರೆದವನು ಫರಿಶ್ತಾ, ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ ಇದ್ದ ಚರಿತ್ರಕಾರ. ಘಟನೆಗಳು ನಡೆದು ಬಹಳ ವರ್ಷ ಆದ ಮೇಲೆ ಬರೆದವನು, ಆದ್ದರಿಂದ ಕಥೆಗಾರಿಕೆ ಎಷ್ಟು, ನಿಜ ಎಷ್ಟು ಎಂದು ಸ್ವಲ್ಪ ಜರಡಿ ಹಿಡಿದೇ ಓದಬೇಕು.

ಮೊದಲನೆಯದು 1366ರ ಸುಮಾರಿಗೆ. ಕಲಬುರ್ಗಿಯಲ್ಲಿ ಬಹಮನಿ ಸುಲ್ತಾನ ಮೊದಲನೇ ಮುಹಮ್ಮದ್ ಶಾಹನ ಔತಣ. ದಿಲ್ಲಿಯಿಂದ ಬಂದ ಮುನ್ನೂರು ಮಂದಿ ಗಾಯಕರ ಹಾಡು. ಕುಡಿದು ಖುಷಿಯಲ್ಲಿದ್ದ ಸುಲ್ತಾನ ಗಾಯಕರಿಗೆ ಬಹುಮಾನ ಕೊಡಿಸಿದ. ಕೊಡಿಸಿದ್ದು ತನ್ನ ಖಜಾನೆಯಿಂದಲ್ಲ, ವಿಜಯನಗರದ ಖಜಾನೆಯ ಮೇಲೆ ಹುಂಡಿ ಬರೆಸಿ! ಮಂತ್ರಿ ಇದು ಅಮಲಿನ ಮಾತು ಎಂದು ಹುಂಡಿಯನ್ನು ಕಳಿಸದೆ ಇಟ್ಟುಕೊಂಡ. ಬೆಳಿಗ್ಗೆ ಸುಲ್ತಾನ ಅದರ ಬಗ್ಗೆ ಕೇಳಿದ. ಕಳಿಸಿಲ್ಲ ಎಂದು ಗೊತ್ತಾದಾಗ ತನ್ನ ಬಾಯಿಂದ ಸುಮ್ಮನೆ ಮಾತು ಬರುವುದುಂಟೇ ಎಂದು ರೇಗಿ ಕಳಿಸಿಯೇ ಬಿಟ್ಟ. ಆಗ ವಿಜಯನಗರದಲ್ಲಿ ಬುಕ್ಕರಾಯ. ಹುಂಡಿ ತಂದವನನ್ನು ಕತ್ತೆಯ ಮೇಲೆ ಕೂರಿಸಿ ಊರೆಲ್ಲ ಮೆರೆಸಿದರು. ಆಮೇಲೆ ವಿಜಯನಗರದ ಸೇನೆ ಮುದಗಲ್ಲಿನ ಕೋಟೆಯ ಮೇಲೆ ಬಿದ್ದು ಕಾವಲು ಪಡೆಯನ್ನು ಕೊಂದಿತು. ಅದಕ್ಕೆ ಸುಲ್ತಾನನ ಸೇಡು, ಅದಕ್ಕೆ ಮತ್ತೆ ಯುದ್ಧ, ಎರಡೂ ಕಡೆ ಲೆಕ್ಕವಿಲ್ಲದಷ್ಟು ಸಾವು. ಎಡೆದೊರೆ ನಾಡಿಗಾಗಿ ಎರಡೂ ರಾಜ್ಯಗಳು ಹೇಗೂ ಹೊಡೆದಾಡುತ್ತಿದ್ದವು. ಇಲ್ಲಿನ ಕಪ್ಪು ಎರೆಭೂಮಿ, ಎರಡು ನದಿ, ಕೋಟೆಗಳು ಯಾರಿಗೆ ಬೇಡ? ಆದರೆ ಫರಿಶ್ತಾ ಹೇಳುವ ಪ್ರಕಾರ ಆ ಸಲ ಬೆಂಕಿ ಹತ್ತಿದ್ದು ಅಮಲಿನಲ್ಲಿ ಕೊಟ್ಟ ಒಂದು ಬಹುಮಾನದಿಂದ. ಅದೂ ಬೇರೆಯವರ ದುಡ್ಡಿನಲ್ಲಿ.

ಎರಡನೆಯದು ನಮ್ಮ ರಾಯಚೂರಿನದು, 1520. ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದ ವರ್ಷ. ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹ ಕೃಷ್ಣಾ ನದಿಯ ಆಚೆ ದಡಕ್ಕೆ ಬಂದು ಬೀಡು ಬಿಟ್ಟ. ಡೇರೆಯಲ್ಲಿ ಮಲಗಿದ್ದಾಗ ಆಸ್ಥಾನಿಕನೊಬ್ಬ ಮಧುಪಾತ್ರೆಯ ಬಗ್ಗೆ ಒಂದು ಪದ್ಯ ಹೇಳಿದನಂತೆ. ಸುಲ್ತಾನ ಮದ್ಯ ತರಿಸಿ ಕುಡಿದ. ಅಮಲೇರಿದ ಮೇಲೆ ಈಗಲೇ ನದಿ ದಾಟಬೇಕು ಅಂದ. ತೆಪ್ಪಗಳು ಸಾಲುವಷ್ಟು ತಯಾರಿಲ್ಲ ಎಂಬುದು ಅವನ ಕಿವಿಗೆ ಹೋಗಲಿಲ್ಲ. ಆನೆ ಹತ್ತಿ ನೀರಿಗೆ ಇಳಿದೇ ಬಿಟ್ಟ, ಹಿಂದೆ ಒಂದಿಷ್ಟು ಸೈನ್ಯ. ಆಚೆ ದಡದಲ್ಲಿ ಸೋತು ಹಿಂದಕ್ಕೆ ಓಡುವಾಗ ನದಿ ಬಹಳ ಜನರನ್ನು ನುಂಗಿತು. ಸುಲ್ತಾನನ ಆನೆ ಹೇಗೋ ದಡ ಸೇರಿತು. ಅದೇ ಯುದ್ಧದ ಬಗ್ಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದ ದೀರ್ಘ ವಿವರ ಬೇರೆಯೇ ಇದೆ, ಅದರಲ್ಲಿ ಸೇನೆಗಳ ಲೆಕ್ಕ, ಫಿರಂಗಿ, ಪೋರ್ಚುಗೀಸ್ ಬಂದೂಕುಗಾರರ ಕಥೆಯೇ ಮುಖ್ಯ. ಸೋಲಿಗೆ ಮದ್ಯ ಒಂದೇ ಕಾರಣ ಅಂತ ಹೇಳಲಾಗದು. ಆದರೆ ಬಿಜಾಪುರದ ಆಸ್ಥಾನದಲ್ಲೇ ಇದ್ದು ಬರೆದವನು ಬಿಜಾಪುರದ ಸೋಲಿಗೆ ಕೊಟ್ಟ ಕಾರಣ ಅದು ಎಂಬುದನ್ನು ಗಮನಿಸಬೇಕು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರಾಯಚೂರು, ಮುದಗಲ್ಲು ಕೈಗೆ ಬರುವ ತನಕ ಮದ್ಯ ಮುಟ್ಟುವುದಿಲ್ಲ ಎಂದು ಇಸ್ಮಾಯಿಲ್ ಆಣೆ ಮಾಡಿದನಂತೆ. ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ ಮೇಲೆ ಎರಡೂ ಕೋಟೆಗಳನ್ನು ವಾಪಸ್ ಗೆದ್ದ. ಗೆದ್ದ ಮೇಲೆ ಏನು ಮಾಡಿದ? ಸರದಾರರ ಒತ್ತಾಯಕ್ಕೆ ದೊಡ್ಡ ಔತಣ ಮಾಡಿ ಕುಡಿದ! ಬಿಟ್ಟವನಿಗೆ ಮತ್ತೆ ಕುಡಿಸುವುದಕ್ಕೆ ಗೆಳೆಯರೇ ಬೇಕು, ಔತಣವೇ ಬೇಕು. 500 ವರ್ಷ ಆದರೂ ಈ ಒಂದು ವಿಷಯದಲ್ಲಿ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ನಿಮ್ಮನ್ನು ಊಟಕ್ಕೆ ಕರೆದವರು ಕಷ್ಟಪಟ್ಟು ಕುಡಿತ ಬಿಟ್ಟವರಾಗಿದ್ದರೆ? ಅದು ನಿಮಗೆ ಗೊತ್ತಿರುವುದಿಲ್ಲ. ಹೇಳಿಕೊಂಡು ತಿರುಗುವ ವಿಷಯ ಅಲ್ಲವಲ್ಲ ಅದು. ಚೆಂದದ ಕಾಗದ ಸುತ್ತಿದ ಬಾಟಲಿ ಅವರ ಟೇಬಲ್ಲಿನ ಮೇಲೆ ಕೂತ ಮೇಲೆ ರಾತ್ರಿ ನೀವು ಎದ್ದು ಬರುತ್ತೀರಿ. ಅದು ಅಲ್ಲೇ ಇರುತ್ತದೆ.

ಮುಂದೆ ಬಂದದ್ದು ನಿಜಾಮರ ಕಾಲ. ನಡುವೆ 1853ರಿಂದ 1860ರ ತನಕ ರಾಯಚೂರು ದೋಆಬ್ ಬ್ರಿಟಿಷರ ಕೈಯಲ್ಲಿತ್ತು, ಅದು ಬಿಟ್ಟರೆ 1948ರ ತನಕ ಹೈದರಾಬಾದ್ ಸಂಸ್ಥಾನವೇ. ಅಲ್ಲಿನ ದರಬಾರಿನ ನಜರ್ ಪದ್ಧತಿ ನೋಡಿ. ಕೈವಸ್ತ್ರದ ಮೇಲೆ ಚಿನ್ನದ ಅಶ್ರಫಿ, ಬೆಳ್ಳಿ ರೂಪಾಯಿ ಇಟ್ಟು ಎರಡೂ ಕೈಯಲ್ಲಿ ಚಾಚಬೇಕು. ಹಳೇ ರಿವಾಜಿನ ಪ್ರಕಾರ ದೊರೆ ಅದನ್ನು ಮುಟ್ಟಿ ಹಿಂದಕ್ಕೆ ಕೊಡಬಹುದು, ಮುಟ್ಟಿದರೆ ಗೌರವ ಸಂದ ಹಾಗೆ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಮಾತ್ರ ಎಲ್ಲವನ್ನೂ ಇಟ್ಟುಕೊಳ್ಳುತ್ತಿದ್ದ ಎಂದು ಆ ಕಾಲದವರು ಬರೆದಿದ್ದಾರೆ. ಮುಟ್ಟುವುದಕ್ಕೂ ಇಟ್ಟುಕೊಳ್ಳುವುದಕ್ಕೂ ನಡುವೆ ಒಂದು ಬೆರಳಿನ ಅಂತರ. ಅಲ್ಲಿಯೇ ಕಾಣಿಕೆ ಹೋಗಿ ತೆರಿಗೆ ಆಗಿಬಿಡುತ್ತದೆ. ಆಫೀಸಿನಲ್ಲಿ ಮೇಲಿನವರ ಮನೆಗೆ ಹೋಗುವಾಗ ಬೆಲೆಬಾಳುವ ವಸ್ತು ಹಿಡಿದು ಹೋಗುವವರು ಇದನ್ನು ನೆನಪಿಸಿಕೊಳ್ಳಬಹುದು :-)

ಆದರೆ ಆ ದರಬಾರಿನದೇ ಇನ್ನೊಂದು ರಿವಾಜು ನನಗೆ ಬಹಳ ಇಷ್ಟ. ಕೂಟ ಮುಗಿಯುವಾಗ ಅತ್ತರ್ ಮತ್ತು ಪಾನ್. ಅದು ಬಂತು ಎಂದರೆ ಇನ್ನು ಏಳಬಹುದು ಎಂಬ ಸೂಚನೆ. ಬಾಯಿ ಬಿಟ್ಟು ಯಾರೂ "ಹೊರಡಿ" ಅನ್ನಬೇಕಾಗಿಲ್ಲ. ಇವತ್ತಿಗೂ ನಮ್ಮ ಕಡೆ ಔತಣಕ್ಕೆ "ದಾವತ್" ಎಂಬ ಪದ ಇದೆ, ಅತ್ತರ್ ಬಾಟಲಿ ಸಿಗುವ ಅಂಗಡಿಗಳೂ ಇವೆ. ಒಯ್ಯಬಹುದಾದ ಬಾಟಲಿ ಎಂದರೆ ಅದೊಂದೇ ಅಂತ ತಮಾಷೆಗೆ ಹೇಳಬಹುದು.

ಅದೇ ನಿಜಾಮ ಸರ್ಕಾರಕ್ಕೆ ದೊಡ್ಡ ಆದಾಯ ತರುತ್ತಿದ್ದವುಗಳಲ್ಲಿ ಅಬಕಾರಿ ಒಂದು. ಸೇಂದಿ, ಸಾರಾಯಿ. ದರಬಾರಿನಲ್ಲಿ ಅತ್ತರು, ಹಳ್ಳಿಯಲ್ಲಿ ಸೇಂದಿ ಕಂಟ್ರಾಕ್ಟು. 1948ರಲ್ಲಿ ಸಂಸ್ಥಾನ ಹೋಯಿತು. 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂತು, ಭತ್ತ ಬಂತು, ಕೈಯಲ್ಲಿ ದುಡ್ಡು ಆಡಿತು. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಬೇಕು ಅನ್ನುತ್ತದೆ, ಖಜಾನೆ ಬೇರೆ ಮಾತು ಹೇಳುತ್ತದೆ. ಆಳುವವರು ಬದಲಾದರೂ ಅಬಕಾರಿ ಬದಲಾಗಲಿಲ್ಲ.

2007 ಒಂದು ವಿಚಿತ್ರ ವರ್ಷ. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯಿತು. ಅದೇ 2007ರಲ್ಲಿ ರಾಜ್ಯ ದ್ರಾಕ್ಷಾರಸ ನೀತಿಯನ್ನೂ ತಂದಿತು, ವೈನ್ ಮಂಡಳಿಯೂ ಬಂತು. ಒಂದು ಕಡೆ ಕೂಲಿಯವನ ಪಾಕೀಟು ಬಂದ್, ಇನ್ನೊಂದು ಕಡೆ ಸಾಹೇಬರ ಬಾಟಲಿಗೆ ಪ್ರೋತ್ಸಾಹ. ದ್ರಾಕ್ಷಿ ಬೆಳೆಗಾರರಿಗೆ ಒಳ್ಳೆಯದಾಗಲಿ ಎಂಬುದು ಅದರ ಹಿಂದಿನ ವಾದ, ಅದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಸಾರಾಯಿ "ಚಟ", ವೈನ್ "ಸಂಸ್ಕೃತಿ" ಎಂಬ ನಮ್ಮ ತಲೆಯೊಳಗಿನ ಭೇದ ಎಲ್ಲಿಂದ ಬಂತು ಅಂತ ಕೇಳಿಕೊಳ್ಳಲು ಆ ಒಂದು ವರ್ಷ ಸಾಕು. ಪಾಕೀಟು ಹೋದ ಜಾಗಕ್ಕೆ ಹಳ್ಳಿಗಳಲ್ಲಿ ಅಗ್ಗದ ವಿಸ್ಕಿ ಬಂದು ಕೂತಿತು.

ಅದಕ್ಕೆ ಉತ್ತರ ಕೊಟ್ಟವರು ಹೆಂಗಸರು. 2019ರ ಜನವರಿ 19ರಂದು ಚಿತ್ರದುರ್ಗದಿಂದ ಸಾವಿರಾರು ಹೆಣ್ಣುಮಕ್ಕಳು ನಡೆದು ಹೊರಟರು. ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಜನವರಿ 30ಕ್ಕೆ, ಗಾಂಧೀಜಿ ತೀರಿಕೊಂಡ ದಿನ, ಬೆಂಗಳೂರು ಮುಟ್ಟಿದರು. ಬೇಡಿಕೆ ಒಂದೇ, ಮದ್ಯ ನಿಷೇಧ. ಆ ಮದ್ಯ ನಿಷೇಧ ಆಂದೋಲನದಲ್ಲಿ ನಮ್ಮ ರಾಯಚೂರು ಜಿಲ್ಲೆಯ ಕೂಲಿ ಮಾಡುವ ಹೆಂಗಸರದು ದೊಡ್ಡ ಪಾಲು. ಅವರು ಕೇಳಿದ್ದು ಸಿಗಲಿಲ್ಲ, ಅಂಗಡಿಗಳು ಇವತ್ತಿಗೂ ಇವೆ. ನಿಷೇಧದಿಂದ ಕುಡಿತ ನಿಲ್ಲುತ್ತದಾ ಎಂಬ ಬಗ್ಗೆ ನೀವು ನಾನು ವಾದ ಮಾಡಬಹುದು, ನನಗೂ ಅನುಮಾನ ಇದೆ. ಆದರೆ ಆ ನಡಿಗೆ ಹೇಳಿದ ಒಂದು ಮಾತಿನ ಮೇಲೆ ವಾದ ಇಲ್ಲ. ಬಾಟಲಿ ತರುವವನು ಒಬ್ಬ, ಅದರ ಬೆಲೆ ಕೊಡುವವಳು ಇನ್ನೊಬ್ಬಳು. ನಮ್ಮೂರ ಹಿರಿಯರು ಬಾಯಿ ಬಿಟ್ಟು ಹೇಳದ ಆ ನಿಷೇಧದ ಹಿಂದೆ ಇರುವುದು ಶಾಸ್ತ್ರ ಅಲ್ಲ, ಈ ಅನುಭವ. ಔತಣಕ್ಕೆ ಕರೆದವನು ಗಂಡಸು, ಒಲೆ ಮುಂದೆ ನಿಂತವಳು ಹೆಂಗಸು ಆಗಿರುವ ಮನೆಯಲ್ಲಿ ಕಾಣಿಕೆ ಇಬ್ಬರಿಗೂ ಸಲ್ಲಬೇಕಲ್ಲವೇ?

ಹಾಗಾದರೆ ಏನು ಒಯ್ಯೋಣ? ಅದಕ್ಕೂ ಮೊದಲು ಎಷ್ಟು ಒಯ್ಯೋಣ? ಇದಕ್ಕೆ ಉತ್ತರ ನಮ್ಮ ಜಿಲ್ಲೆಯ ಒಬ್ಬ ಹೆಣ್ಣುಮಗಳ ಹತ್ತಿರ ಇದೆ. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋಗಿದ್ದ ಆಯ್ದಕ್ಕಿ ಲಕ್ಕಮ್ಮ, ಹನ್ನೆರಡನೇ ಶತಮಾನದ ಶರಣೆ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ದಾಸೋಹ ಮಾಡುತ್ತಿದ್ದರು. ಒಂದು ದಿನ ಬಸವಣ್ಣ ಬೇಕಂತಲೇ ಹೆಚ್ಚು ಅಕ್ಕಿ ಚೆಲ್ಲಿಸಿದರಂತೆ. ಮಾರಯ್ಯ ದಿನಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ನೋಡಿದ ಕೂಡಲೇ ಇದು ನಮ್ಮ ಅಳತೆಯದ್ದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಅಂದಳು. ಇದು ಪರಂಪರೆಯಲ್ಲಿ ಬಂದ ಕಥೆ. ಆದರೆ ಕಾಣಿಕೆಯ ಅಳತೆಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರಿಲ್ಲ. ತೆಗೆದುಕೊಳ್ಳುವವರ ಕೈಗೆ ಭಾರ ಆಗುವಷ್ಟು ಕೊಡಬಾರದು, ಕೊಟ್ಟರೆ ಹಿಂದಕ್ಕೆ ಕೊಡುವ ಧೈರ್ಯ ಎಲ್ಲರಿಗೂ ಲಕ್ಕಮ್ಮನಷ್ಟು ಇರುವುದಿಲ್ಲ.

ಅಳತೆ ಗೊತ್ತಿದ್ದ ಕಾಣಿಕೆಗಳು ನಮ್ಮಲ್ಲಿ ಇವತ್ತಿಗೂ ಇವೆ. ದಸರೆಯಲ್ಲಿ ಬನ್ನಿ. ನಾಲ್ಕು ಎಲೆ, ಅದೇ ಬಂಗಾರ. ಗೌಡರಿಗೂ ಅದೇ, ಆಳಿಗೂ ಅದೇ. "ಬಂಗಾರದಂಗ ಇರೋಣ" ಅಂದರೆ ಆಯಿತು. ಸಂಕ್ರಾಂತಿಗೆ ಕುಸುರೆಳ್ಳು, ಪಂಚಮಿಗೆ ಉಂಡಿ. ಉಂಡಿ ಕೊಟ್ಟ ಡಬ್ಬಿಯನ್ನು ಖಾಲಿ ಕಳಿಸಬಾರದು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳವರು ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿದು ಗಾಡಿಗಟ್ಟಲೆ ಕಳಿಸುತ್ತಾರೆ. ಊಟಕ್ಕೆ ಹೋಗುವವರೇ ಊಟವನ್ನೂ ಒಯ್ಯುವುದು!

ಇದೇ ಬುತ್ತಿ. ನನ್ನ ಲೆಕ್ಕದಲ್ಲಿ ನಮ್ಮ ನಾಡಿನ ಅತಿ ಒಳ್ಳೆಯ ಕಾಣಿಕೆ ಇದು. ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆ. ಕೆಡುವುದಿಲ್ಲ, ಚೆಲ್ಲುವುದಿಲ್ಲ, ಬಸ್ಸಿನಲ್ಲೂ ವಿಮಾನದಲ್ಲೂ ಹೋಗುತ್ತದೆ. (ಅಂದ ಹಾಗೆ ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕಾ ಖಂಡದಿಂದ ಬಂದವು. 1443ರಲ್ಲಿ ದೇವರಾಯ ಬಯಸಿದರೂ ರಜಾಕನಿಗೆ ಶೇಂಗಾ ಹಿಂಡಿ ಕೊಡುವ ಹಾಗಿರಲಿಲ್ಲ.) ಎಲ್ಲಕ್ಕಿಂತ ಮುಖ್ಯ, ಬುತ್ತಿ ಬೇಯಿಸಿದ್ದು. ಅದನ್ನು ಒಬ್ಬರು ಕೊಟ್ಟು ಇನ್ನೊಬ್ಬರು ಬಿಚ್ಚಿ ತಿಂದರೆ ದೇವರಾಯನಿಗೂ ರಜಾಕನಿಗೂ ನಡುವೆ ಇದ್ದ ಆ ಗೆರೆ ಅಳಿಸಿದ ಹಾಗೆ.

ಸರಿ, ಇಷ್ಟೆಲ್ಲ ಓದಿದ ಮೇಲೆ ಕೈಗೆ ಏನಾದರೂ ಸಿಗಬೇಕಲ್ಲ. ಎಂಜಿನಿಯರ್ ಬುದ್ಧಿ, ಒಂದು ನಿಯಮ ಬರೆದುಕೊಳ್ಳದೆ ಸಮಾಧಾನ ಇಲ್ಲ. ನಾನು ಈಗ ಯಾರದೇ ಮನೆಗೆ ಊಟಕ್ಕೆ ಹೊರಡುವಾಗ ಮಾಡುವುದು ಇಷ್ಟು.

ಮನೆಯಲ್ಲಿ ಮಕ್ಕಳಿದ್ದರೆ ಅವರಿಗೆ ಮೊದಲು. ಕಾಣಿಕೆ ದೊಡ್ಡವರಿಗೆ ಕೊಟ್ಟರೆ ಒಳಗೆ ಹೋಗುತ್ತದೆ, ಮಕ್ಕಳ ಕೈಗೆ ಕೊಟ್ಟರೆ ಅಲ್ಲೇ ಬಿಚ್ಚುತ್ತದೆ. ವಯಸ್ಸಾದವರಿದ್ದು ಸಕ್ಕರೆ ಕಾಯಿಲೆ ಇರಬಹುದು ಅನಿಸಿದರೆ ಪೇಢೆ, ಕುಂದಾ, ಕರದಂಟು ಬಿಟ್ಟು ಹಿಂಡಿ ಮತ್ತು ರೊಟ್ಟಿ. ರಂಜಾನಿನ ಇಫ್ತಾರಿಗೆ ಕರೆದರೆ ಒಳ್ಳೆಯ ಖರ್ಜೂರ, ಹಣ್ಣು, ಹೊತ್ತಿಗೆ ಮುಂಚೆ ತಲುಪುವ ಹಾಗೆ. ಪರದೇಶದವರ ಮನೆಗೆ ಹೋಗುವಾಗ ನಮ್ಮ ಚಿಕ್ಕಮಗಳೂರು, ಕೊಡಗಿನ ಕಾಫಿಪುಡಿ ಇಲ್ಲವೇ ಏಲಕ್ಕಿ. ಅದರ ಬಗ್ಗೆ ಮಾತಾಡಲಿಕ್ಕೂ ವಿಷಯ ಸಿಗುತ್ತದೆ, ಮಾತೂ ಔತಣದ ಒಂದು ಭಾಗವೇ. ಹೂವು ಒಯ್ದರೆ ಕುಂಡದ ಸಮೇತ ಗಿಡವನ್ನೇ. ಎಲೆ ಅಡಿಕೆ ಮಾತ್ರ ಶಾಸ್ತ್ರಕ್ಕೆ ಸಾಕು, ಜಗಿಯಲಿಕ್ಕೆ ಬೇಡ. ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅದನ್ನು ಮೊದಲ ಗುಂಪಿಗೆ ಸೇರಿಸಿದೆ. ರಜಾಕನಿಗೆ ಇದು ಗೊತ್ತಿರಲಿಲ್ಲ, ನಮಗೆ ಗೊತ್ತಿದೆ.

ಬೆಲೆ? ತಿರುಗಿ ಕೊಡಬೇಕಲ್ಲ ಎಂದು ಅವರು ಚಿಂತೆ ಮಾಡದಷ್ಟು. ಅಂದರೆ ಮುಯ್ಯಿ ನೋಟ್‌ಬುಕ್ಕಿಗೆ ಏರದಷ್ಟು.

ಇನ್ನು ಬಾಟಲಿ. ಕುಡಿಯುವವರು ಕುಡಿಯಲಿ, ಅದು ಅವರ ಮನೆ, ಅವರ ದುಡ್ಡು. ನಾನು ಅವರಿಗೆ ಉಪದೇಶ ಮಾಡಲು ಹೋಗುವುದಿಲ್ಲ. ಆದರೆ ನನ್ನ ಕೈಯಿಂದ ಅದು ಹೋಗಬೇಕಾಗಿಲ್ಲ. ಅದಕ್ಕೆ ಕ್ಷಮೆ ಕೇಳಬೇಕಾಗಿಯೂ ಇಲ್ಲ, "ನಾನು ಕುಡಿಯಲ್ಲ, ಅದಕ್ಕೇ..." ಅಂತ ಶುರು ಮಾಡಬೇಕಾಗಿಯೂ ಇಲ್ಲ. ರೊಟ್ಟಿಯ ಗಂಟು ಕೊಟ್ಟು "ನಮ್ಮೂರಿಂದ ಬಂದದ್ದು, ಈಗಲೇ ಬಿಚ್ಚಿ" ಅಂದರೆ ಸಾಕು. ಇಲ್ಲಿ ತನಕ ಬೇಡ ಅಂದವರನ್ನು ನಾನು ನೋಡಿಲ್ಲ.

ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ನಮ್ಮೂರಲ್ಲಿ ನಾನು ಒಯ್ದ ಬುತ್ತಿಯನ್ನು ಎಲ್ಲರೂ ತಿನ್ನುತ್ತಾರಾ, ಎಲ್ಲರ ಬುತ್ತಿಯನ್ನೂ ನಮ್ಮವರು ಬಿಚ್ಚುತ್ತಾರಾ? ಬೆಂಗಳೂರಿನ ಫ್ಲಾಟಿನಲ್ಲಿ ಅಳಿಸಿದ ಗೆರೆ ಊರಲ್ಲಿ ಅಷ್ಟು ಸುಲಭಕ್ಕೆ ಅಳಿಸುವುದಿಲ್ಲ. ಹಣ್ಣು ಒಯ್ದರೆ ಯಾರ ತಂಟೆಯೂ ಇಲ್ಲ, ಎಲ್ಲರೂ ತೆಗೆದುಕೊಳ್ಳುತ್ತಾರೆ. ಅದಕ್ಕೇ ಊರಿಗೆ ಹೋದಾಗ ನಾನು ಹಣ್ಣು ಬಿಟ್ಟು ರೊಟ್ಟಿ ಒಯ್ಯುತ್ತೇನೆ, ಕೂತು ಉಣ್ಣುತ್ತೇನೆ.

ನಿಮ್ಮ ಕಡೆ ಊಟಕ್ಕೆ ಕರೆದವರ ಮನೆಗೆ ಏನು ಒಯ್ಯುತ್ತಾರೆ? ಮಲೆನಾಡಿನವರು, ಕರಾವಳಿಯವರು, ಕಾಸರಗೋಡಿನವರು, ಸೊಲ್ಲಾಪುರದ ಕಡೆಯವರು, ಪರದೇಶದಲ್ಲಿ ಇರುವವರು ದಯವಿಟ್ಟು ಬರೆಯಿರಿ. ಅದಕ್ಕೆ ನಿಮ್ಮೂರಲ್ಲಿ ಏನು ಹೆಸರು ಎಂಬುದನ್ನೂ ಹೇಳಿ, ವಸ್ತು ಮರೆತುಹೋದರೂ ಹೆಸರು ಉಳಿಯಲಿ.